ದ್ಯಾವಮ್ಮ ಇಟ್ಟ ಮೊದಲ ಸಾಲು

ನಮ್ಮ ಹಿತ್ತಿಲಿನ ನೆಟ್‌ಮನೆಯಲ್ಲಿ ಯಾವ ಬೀಜ ಹಾಕುವುದಿದ್ದರೂ ಮೊದಲ ಸಾಲನ್ನು ದ್ಯಾವಮ್ಮನೇ ಹಾಕಬೇಕು. ಹಾಗಂತ ಯಾರೂ ಕಟ್ಟಳೆ ಮಾಡಿದ್ದಲ್ಲ. ತಾನಾಗಿ ಬಂದದ್ದು.

ನೆಟ್‌ಮನೆ ಎಂದರೆ ಗುಲಾಬಿ ಬೆಳೆಯುವವರು ರಸ್ತೆ ಪಕ್ಕದಲ್ಲಿ ಕಟ್ಟಿಸಿಕೊಂಡಿರುವಂಥ ದೊಡ್ಡ ಪಾಲಿಹೌಸಲ್ಲ. ಹಳೆಯ ಕೊಟ್ಟಿಗೆ ಇದ್ದ ಜಾಗದಲ್ಲಿ ಕಬ್ಬಿಣದ ಪೈಪು ನೆಟ್ಟು, ಸುತ್ತ ಹಸಿರು ಪರದೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದು. ಹಸು ಮಾರಿದ ಮೇಲೆ ನಾನು ಸುಮ್ಮನೆ ಕೂತಿರುವುದನ್ನು ನೋಡಲಾರದೆ, ತರಕಾರಿ ಸಸಿ ಬೆಳೆಸಿ ಮಾರಲೆಂದು ಮಗ ಮಂಜೇಶ ಕಟ್ಟಿಕೊಟ್ಟ. ಅವನು ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾನೆ. ರಾತ್ರಿ ದುಡಿದು ಹಗಲು ಮಲಗುತ್ತಾನೆ. ಸೊಸೆ ದಿವ್ಯ ಅಲ್ಲೇ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾಳೆ, ಬೆಳಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗುತ್ತದೆ. ಮೊಮ್ಮಗಳಿಗೆ ಸ್ಕೂಲು, ಅದು ಮುಗಿದರೆ ಟ್ಯೂಷನ್ನು. ಮನೆಯಲ್ಲಿ ಜನ ಇಲ್ಲ ಅನ್ನುವ ಹಾಗಿಲ್ಲ. ಬಾಗಿಲಲ್ಲಿ ಯಾವಾಗಲೂ ಚಪ್ಪಲಿ ತುಂಬಿರುತ್ತದೆ. ಆದರೆ ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಿರುತ್ತಾರೆ. ಮಗನಿಗೆ ಎಚ್ಚರವಾದೀತೆಂದು ನಾನು ಹಗಲೆಲ್ಲ ಪಾತ್ರೆ ಸದ್ದಾಗದ ಹಾಗೆ ಓಡಾಡುತ್ತೇನೆ. ಬಾಯಿ ತುಂಬ ಮಾತಾಡಬೇಕೆಂದರೆ ನೆಟ್‌ಮನೆಗೇ ಹೋಗಬೇಕಾಗಿತ್ತು.

ಅಲ್ಲಿಗೆ ಮಧ್ಯಾಹ್ನ ಊಟದ ಮೇಲೆ ದ್ಯಾವಮ್ಮ ಬರುತ್ತಿದ್ದಳು. ನನ್ನ ವಾರಿಗೆಯವಳು. ಎರಡು ಬೀದಿಯಾಚೆ ಅವಳ ಒಂಟಿ ಕೋಣೆಯ ಮನೆ. ಬಂದವಳು ಬಾಗಿಲ ಹತ್ತಿರದ ಚಪ್ಪಡಿ ಕಲ್ಲಿನ ಮೇಲೆ ಕೂತು, ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದು ಬಿಚ್ಚುತ್ತಿದ್ದಳು. ಎಲೆಗೆ ಸುಣ್ಣ ಬಳಿದು, ಅಡಿಕೆ ಇಟ್ಟು, ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಮೊದಲು ನನಗೆ ಮಡಿಸಿ ಕೊಡುತ್ತಿದ್ದಳು. ಆಮೇಲೆ ತನಗೆ. ಇಬ್ಬರೂ ದವಡೆಗೆ ಸೇರಿಸಿಕೊಂಡು ಸಸಿ ಟ್ರೇಗಳ ಮುಂದೆ ಕೂತರೆ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ.

ಅವಳ ಕೈ ಬೀಜಕ್ಕೆ ಬಂದ ಕಥೆ ಹೇಳಬೇಕು. ಗಂಡ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ಆ ವರ್ಷ ರಾಗಿ ಬಿತ್ತುವ ದಿನ ಎಲ್ಲರಂತೆ ತಾನೂ ಬೀಜದ ಮೊರ ಎತ್ತಿಕೊಂಡಳು. ಅವಳ ಭಾವ ಅಷ್ಟು ದೂರದಿಂದಲೇ, "ಏ, ನೀನು ಬೀಜ ಮುಟ್ಬೇಡ, ಇಳ್ಸು" ಅಂತ ಕೂಗಿದ. ನಾನಾಗ ಮದುವೆಯಾಗಿ ಬಂದ ಹೊಸತು, ಪಕ್ಕದ ಹೊಲದ ಬದುವಿನ ಮೇಲೆ ನಿಂತಿದ್ದೆ. ಅವಳು ಒಂದು ಕಾಳೂ ಚೆಲ್ಲದ ಹಾಗೆ ಮೊರ ಇಳಿಸಿ ಸೆರಗಿಗೆ ಕೈ ಒರೆಸಿಕೊಂಡಳು. ಆ ಮನೆಯಲ್ಲಿ ಕಳೆ ಕಿತ್ತಳು, ತೆನೆ ಕೊಯ್ದಳು, ಕಣ ಬಳಿದಳು. ಬೀಜ ಮಾತ್ರ ಮತ್ತೆ ಮುಟ್ಟಲಿಲ್ಲ.

ನೆಟ್‌ಮನೆ ಕಟ್ಟಿದ ಹೊಸದರಲ್ಲಿ ಮುದ್ದೆ ಪಾತ್ರೆ ಇಳಿಸುವಾಗ ನನ್ನ ಬಲಗೈ ಸುಟ್ಟಿತು. ಬೀಜದ ಪಾಕೆಟು ಒಡೆದಾಗಿತ್ತು, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳು ಕಾಯುತ್ತಿದ್ದವು. "ನೀನೇ ಹಾಕು ದ್ಯಾವಮ್ಮ" ಅಂದೆ.

"ನಾನಾ?" ಅಂದಳು. "ಬ್ಯಾಡ ಕಣೆ ಲಕ್ಕಿ. ಮೊಳಕೆ ಬರ್ದಿದ್ರೆ ಆಮೇಲೆ ನನ್ ತಲೆಗೆ ಬರ್ತದೆ."

"ಬರ್ದಿದ್ರೆ ನನ್ ಟ್ರೇ, ನನ್ ಬೀಜ. ನಿಂಗೇನು? ಹಾಕು."

ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಬೆರಳ ತುದಿಯಲ್ಲಿ ಗುಳಿ ಮಾಡಿ, ಗುಳಿಗೊಂದು ಬೀಜ ಇಟ್ಟು, ಮಗುವಿಗೆ ಹೊದಿಸುವ ಹಾಗೆ ಮೇಲೆ ಪುಡಿ ಮುಚ್ಚಿದಳು. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸಿ ಕಾವಿಗೆ ಇಟ್ಟೆವು. ತೆಗೆದು ನೋಡಿದರೆ ಒಂದು ಗುಳಿಯೂ ಖಾಲಿ ಇಲ್ಲ. ಅವತ್ತು ಅವಳು ಊರೆಲ್ಲ ಸುತ್ತಿ ಹೇಳಿಕೊಂಡು ಬಂದಳು. ಅಲ್ಲಿಂದ ಮೊದಲ ಸಾಲು ಅವಳದು. ದ್ಯಾವಮ್ಮನ ಕೈಗುಣ ಅಂತ ಜನವೂ ಅನ್ನತೊಡಗಿದರು.

ಹೀಗಿರುವಾಗ ಹೋದ ವರ್ಷ ನಮ್ಮೂರ ಬೈರೇಶ ನಮ್ಮಲ್ಲಿಂದ ಒಯ್ದು ನೆಟ್ಟಿದ್ದ ಒಂದು ಟೊಮೊಟೊ ಗಿಡವನ್ನು ಬೇರು ಸಮೇತ ಕಿತ್ತು ಹಿಡಿದುಕೊಂಡು ಬಂದ. ಊರಲ್ಲಿ ತರಕಾರಿ ಬೆಳೆಯುವವರೆಂದರೆ ಈಗ ಅವನು, ಇನ್ನೊಬ್ಬಿಬ್ಬರು. ಮಿಕ್ಕವರ ಹೊಲಗಳೆಲ್ಲ ಲೇಔಟಾಗಿ ಕಲ್ಲು ನೆಟ್ಟುಕೊಂಡಿವೆ.

"ದೊಡ್ಡಮ್ಮ, ಇದೇನ್ ನೋಡಿ. ಎಲೆ ಹೆಂಗಾಗ್ಬಿಟ್ಟಿದೆ."

ಎಲೆಯಲ್ಲಿ ಒಂದು ಕಡೆ ತಿಳಿಹಸಿರು, ಒಂದು ಕಡೆ ಕಡುಹಸಿರು, ಬಣ್ಣ ಸರಿಯಾಗಿ ಹಿಡಿಯದ ಸೀರೆಯ ಹಾಗೆ. ತುದಿಯ ಎಲೆಗಳು ಸಣಕಲಾಗಿ ಮುದುರಿಕೊಂಡಿದ್ದವು.

ದ್ಯಾವಮ್ಮ ಇಣುಕಿ ನೋಡಿ, "ದೃಷ್ಟಿ ಕಣೋ ಬೈರೇಶ. ನಿಂದೇ ಕಣ್ಣು ಬಿದ್ದಿರ್ಬೇಕು. ಬಂದಾಗ್ಲೆಲ್ಲ 'ಏನ್ ಸಸಿ ದೊಡ್ಡಮ್ಮ, ಏನ್ ಸಸಿ' ಅಂತಿದ್ದೆ" ಅಂದಳು.

"ನನ್ ಗಿಡಕ್ಕೆ ನನ್ ಕಣ್ಣೇ ಬೀಳ್ತದಾ ಅಜ್ಜಿ?"

"ಬೇರೆಯೋರ ಕಣ್ಣು ಬೀಳೋಕೆ ನಿನ್ ಹೊಲದಾಗೆ ಇನ್ನೇನೈತೆ?"

ಬೈರೇಶ ನಕ್ಕ. ಆದರೆ ಹೋಗುವಾಗ ನನ್ನನ್ನು ಬೇಲಿ ಹತ್ತಿರ ಕರೆದು, "ಬೇಜಾರ್ ಮಾಡ್ಕೋಬೇಡಿ ದೊಡ್ಡಮ್ಮ. ಇದು ಹಿಂಗೇ ಆದ್ರೆ ನಾನು ಹೊಸಕೋಟೆ ಕಡೆ ನರ್ಸರಿಯಿಂದ ಸಸಿ ತಂದ್ಕೋಬೇಕಾಗ್ತದೆ" ಅಂದ.

ಅವನು ಬಿಟ್ಟರೆ ನಮ್ಮ ಸಸಿ ಕೇಳುವವರಿಲ್ಲ. ಸಸಿ ಇಲ್ಲದಿದ್ದರೆ ನೆಟ್‌ಮನೆಯಲ್ಲಿ ಕೆಲಸವಿಲ್ಲ. ಕೆಲಸವಿಲ್ಲದೆ ಬಂದು ಕೂರುವ ಹೆಂಗಸಲ್ಲ ದ್ಯಾವಮ್ಮ. ನನಗೆ ಆ ಮಧ್ಯಾಹ್ನಗಳು ಹೋಗಿಬಿಡುತ್ತವಲ್ಲ ಅನ್ನುವುದೇ ದಿಗಿಲಾಯಿತು.

ದೃಷ್ಟಿಗೆ ಬೂದುಗುಂಬಳ ಕಟ್ಟಿದೆವು. ಹೋಗಲಿಲ್ಲ. ಟ್ರೇಯಲ್ಲಿದ್ದ ಸಸಿಗಳಲ್ಲೂ ಅಲ್ಲೊಂದು ಇಲ್ಲೊಂದು ಎಲೆ ಬಣ್ಣಗೆಟ್ಟಿತು. ಕಡೆಗೆ ಬೈರೇಶ ಕೃಷಿ ಕೇಂದ್ರದಿಂದ ಯಶಸ್ವಿನಿ ಎಂಬ ಹುಡುಗಿಯನ್ನು ಕರೆದುಕೊಂಡು ಬಂದ. ದ್ಯಾವಮ್ಮ ಅವತ್ತು ರೇಷನ್ ಅಂಗಡಿಯ ಸಾಲಿನಲ್ಲಿದ್ದಳು. ಹುಡುಗಿ ಒಳ್ಳೆಯವಳು, ಚಪ್ಪಲಿ ಬಿಟ್ಟು ಒಳಗೆ ಬಂದಳು. ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದಳು.

"ಅಜ್ಜಿ, ಇಲ್ಲಿ ಕೆಲಸ ಮಾಡೋರು ಯಾರಾದ್ರೂ ಬೀಡಿ ಸೇದ್ತಾರಾ? ಹೊಗೆಸೊಪ್ಪು ಹಾಕ್ತಾರಾ?"

"ದ್ಯಾವಮ್ಮ ಹಾಕ್ತಾಳೆ ಕಣಮ್ಮ" ಅಂದೆ.

"ಅದೇ ನೋಡಿ. ಟೊಮೊಟೊ, ದಪ್ಪ ಮೆಣಸಿನಕಾಯಿ, ಹೊಗೆಸೊಪ್ಪು ಎಲ್ಲಾ ಒಂದೇ ಜಾತಿ, ನೆಂಟರಿದ್ದ ಹಾಗೆ. ಒಣಗಿದ ಹೊಗೆಸೊಪ್ಪಲ್ಲೂ ಈ ವೈರಸ್ ಇರುತ್ತೆ. ಅದನ್ನ ತಿಕ್ಕಿದ ಕೈಯಲ್ಲಿ ಸಸಿ ಮುಟ್ಟಿದ್ರೆ ಸಸಿಗೆ ಹತ್ತುತ್ತೆ, ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ. ಔಷಧಿ ಇಲ್ಲ. ರೋಗ ಬಂದದ್ದನ್ನ ಕಿತ್ತು ಸುಡಿ. ಟ್ರೇ ಚೆನ್ನಾಗಿ ತೊಳೀರಿ. ಮುಟ್ಟೋ ಮುಂಚೆ ಸೋಪಲ್ಲಿ ಕೈ ತೊಳೆದು, ಹಾಲಲ್ಲಿ ಅದ್ದಿಕೊಳ್ಳಿ."

"ಹಾಲಲ್ಲಾ?"

"ಹೂಂ ಅಜ್ಜಿ. ಕೆನೆ ತೆಗೆದ ಹಾಲಾದ್ರೂ ಸಾಕು. ಹಾಲು ತಾಗಿದ್ರೆ ಆ ವೈರಸ್ ಕೆಲಸ ಕೆಡುತ್ತೆ."

ಹಾಲಿನ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ದ್ಯಾವಮ್ಮನ ಕೈ ಅನ್ನುವುದೊಂದೇ ಮನಸ್ಸಿನಲ್ಲಿ ನಿಂತಿತು. ಆ ಹುಡುಗಿ ಕೇಳುವಾಗ ನನ್ನ ದವಡೆಯಲ್ಲೂ ಹೊಗೆಸೊಪ್ಪು ಇತ್ತು. ಆದರೆ ನಮ್ಮ ಕಡೆ ಹೊಗೆಸೊಪ್ಪು ಹಾಕುವವರು ಎಂದರೆ ಸಂಚಿ ಇಟ್ಟುಕೊಂಡವರು. ಬೇರೆಯವರ ಸಂಚಿಯಿಂದ ಕೊಟ್ಟದ್ದನ್ನು ಹಾಕಿಕೊಳ್ಳುವುದು ಚಟವಲ್ಲ, ಮರ್ಯಾದೆ. ನನಗೆ ಸಂಚಿ ಇರಲಿಲ್ಲ. ಬೆಳಗ್ಗೆಗೆಂದು ದ್ಯಾವಮ್ಮ ಹಿಂದಿನ ದಿನವೇ ಒಂದು ಚಿಟಿಕೆ ಮಡಿಸಿ ಕೊಟ್ಟು ಹೋಗುತ್ತಿದ್ದಳು, ಅದನ್ನು ಹಾಕಿಕೊಳ್ಳುತ್ತಿದ್ದೆ, ಅಷ್ಟೆ.

ಮಾರನೆಯ ದಿನ ದ್ಯಾವಮ್ಮ ಬಂದು ಕೂತು, ಎಲೆ ಮಡಿಸಿ ನನ್ನ ಪಕ್ಕಕ್ಕಿಟ್ಟು, ಕೈತಪ್ಪಿ ಎರಡು ಬೀಜ ಬಿದ್ದ ಗುಳಿಗಳಿಂದ ಒಂದೊಂದು ಸಸಿ ಬಿಡಿಸಿ ಖಾಲಿ ಗುಳಿಗಳಿಗೆ ನೆಡಲು ಟ್ರೇ ಎಳೆದುಕೊಂಡಳು.

"ಇವತ್ತು ನೀನು ಸಸಿ ಮುಟ್ಬೇಡ ದ್ಯಾವಮ್ಮ. ಸುಮ್ನೆ ಮಾತಾಡ್ತಾ ಕೂತಿರು."

"ಯಾಕೆ?"

ಯಶಸ್ವಿನಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳಿದೆ. ಅವಳು ಟ್ರೇಯನ್ನು ಇದ್ದ ಜಾಗಕ್ಕೆ ಸರಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ರೋಗ ನನ್ ಕೈಯಿಂದ ಅಂತಾಯ್ತು."

"ನಾನಂದಿದ್ದಲ್ಲ ಕಣೆ. ಆ ಹುಡ್ಗಿ ಓದಿದೋಳು..."

"ಇರ್ಲಿ ಬಿಡು. ನಮ್ ಭಾವ ಜೋರಾಗಿ ಅಂದಿದ್ದ. ನೀನು ಮೆತ್ತಗೆ ಅಂದೆ."

"ಮಾತಾಡೋಕಾದ್ರೂ ಬಾರೆ."

"ಬರ್ತೀನಿ ಬರ್ತೀನಿ" ಅಂದಳು. ಸಂಚಿಯ ದಾರ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ನನ್ನ ಪಾಲಿನ ಎಲೆ ಕಲ್ಲಿನ ಮೇಲೇ ಇತ್ತು. ಅದನ್ನು ಬಾಯಿಗೆ ಹಾಕಿಕೊಂಡು, ಅವಳು ಬಿಟ್ಟುಹೋದ ಕೆಲಸವನ್ನು ನಾನೇ ಮುಗಿಸಿದೆ.

ಅವಳು ಬರಲಿಲ್ಲ. ನಾನು ಅವಳ ಮನೆಗೆ ಹೋದರೆ ಬೀಗ. ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯಲ್ಲಿರುವ ತನ್ನ ಮೊಮ್ಮಗಳು ಚಂದನಳ ಮನೆಗೆ ಹೋದಳೆಂದು ಅಂಗಡಿಯವನು ಹೇಳಿದ. ಚಂದನ, ಅವಳ ಗಂಡ ಇಬ್ಬರೂ ಅಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದಾರೆ, ಕೂಸು ನೋಡಿಕೊಳ್ಳುವವರು ಬೇಕೆಂದು ಎಂದಿನಿಂದಲೋ ಕರೆಯುತ್ತಿದ್ದರು. "ಲಕ್ಕಮ್ಮ ಒಬ್ಳೇ ಆಗ್ತಾಳೆ, ಹೆಂಗ್ ಬಿಟ್ಟೋಗ್ಲಿ" ಅಂತ ಇವಳೇ ಮುಂದೂಡುತ್ತಿದ್ದಳಂತೆ. ಆ ಮಾತನ್ನು ಅಂಗಡಿಯವನ ಬಾಯಲ್ಲಿ ಕೇಳಬೇಕಾಯಿತು.

ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗುವುದರ ಬದಲು ಅದೇ ಅಂಗಡಿಯಲ್ಲಿ ಒಂದು ಕಟ್ಟು ಎಲೆ, ಅಡಿಕೆ, ಹೊಗೆಸೊಪ್ಪು ಕೊಂಡೆ. ನನ್ನ ಆಯುಷ್ಯದಲ್ಲೇ ಮೊದಲ ಸಲ ಕೊಂಡದ್ದು. ಮಧ್ಯಾಹ್ನ ನೆಟ್‌ಮನೆಯಲ್ಲಿ ಕೂತರೆ ಎದುರಿಗೆ ಕಲ್ಲು ಖಾಲಿ. ಅವಳು ತಿಕ್ಕುತ್ತಿದ್ದ ಹಾಗೆಯೇ ಅಂಗೈಯಲ್ಲಿ ತಿಕ್ಕಿ, ಅವಳು ಮಡಿಸುತ್ತಿದ್ದ ಹಾಗೆಯೇ ಮಡಿಸಿ ಹಾಕಿಕೊಳ್ಳುತ್ತಿದ್ದೆ. ಬಾಯಲ್ಲಿ ಆ ಖಾರ ಇದ್ದಷ್ಟು ಹೊತ್ತು ಯಾರೋ ಜೊತೆಗಿದ್ದಾರೆ ಅನ್ನಿಸುತ್ತಿತ್ತು. ಕರಗಿದ ಮೇಲೆ ಇನ್ನೊಂದು.

ರೋಗದ ಸಸಿಗಳನ್ನೆಲ್ಲ ಸುಟ್ಟು, ಟ್ರೇ ತೊಳೆದು ಬಿಸಿಲಿಗಿಟ್ಟು, ಹೊಸ ಬೀಜ ಹಾಕಿದೆ. ಮೊದಲ ಸಾಲನ್ನು ನಾನೇ ಹಾಕಿದೆ. ಮೊಳಕೆಯೇನೋ ಬಂತು. ನೀರನ್ನು ಹಿಡಿತದಲ್ಲಿ ಕೊಟ್ಟೆ. ಹೆಚ್ಚಾದರೆ ಸಸಿಯ ಕತ್ತು ಕೊಳೆತು ಬಿದ್ದುಬಿಡುತ್ತದೆ. ಬೆಳಗಿನ ಎಳೆ ಬಿಸಿಲು ಬೀಳಲೆಂದು ಪರದೆ ಸರಿಸಿದೆ. ಖಾಲಿ ಗುಳಿಗಳಿಗೆ ಬೇರೆ ಟ್ರೇಯಿಂದ ಸಸಿ ಬಿಡಿಸಿ ತುಂಬಿದೆ. ಮುಟ್ಟಿದ್ದೆಲ್ಲ ನಾನೇ, ಬೇರೆ ಜೀವ ಆ ಪರದೆಯೊಳಕ್ಕೆ ಕಾಲಿಡಲಿಲ್ಲ.

ಎಲೆ ಮತ್ತೆ ಬಣ್ಣಗೆಟ್ಟಿತು. ಈ ಸಲ ಹಿಂದಿಗಿಂತ ಹೆಚ್ಚಾಗಿ.

ಬೈರೇಶ ಬಂದು ಟ್ರೇಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ದ್ಯಾವಜ್ಜಿ ಊರಲ್ಲೇ ಇಲ್ವಲ್ಲ ದೊಡ್ಡಮ್ಮ. ಮತ್ತ್ಯಾರು ಮುಟ್ಟಿದ್ದು?"

"ಯಾರೂ ಇಲ್ಲ ಕಣಪ್ಪ. ನಾನೇ."

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ನೋಡುತ್ತಲೇ ಇದ್ದ.

"ದೊಡ್ಡಮ್ಮ, ನಿಮ್ ಬಾಯಲ್ಲೇನು?"

ನಾನು ಉತ್ತರ ಕೊಡಲು ಹೋಗಿ, ಬಾಯಲ್ಲಿ ರಸ ತುಂಬಿದ್ದರಿಂದ ಬೇಲಿ ಹತ್ತಿರ ಹೋಗಿ ಉಗಿದು ಬರಬೇಕಾಯಿತು. ಉಗಿದ ಮೇಲೆ ಕೈ ನೋಡಿಕೊಂಡೆ. ಹೆಬ್ಬೆರಳೂ ತೋರುಬೆರಳೂ ದ್ಯಾವಮ್ಮನ ಬೆರಳಿನ ಹಾಗೆಯೇ ಕಂದಿದ್ದವು.

ಬೈರೇಶನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಇನ್ನೊಂದ್ ಸಲ ನೋಡೋಣ ಬಿಡಿ" ಅಂದು ಎದ್ದು ಹೋದ.

ಅವತ್ತೇ ಹೊಗೆಸೊಪ್ಪನ್ನು ಒಲೆಗೆ ಹಾಕಿದೆ. ಸಸಿಗಳನ್ನೂ ಅದರ ಹಿಂದೆಯೇ ಹಾಕಿದೆ. ತಲೆ ನೋಯಿತು, ನಿದ್ದೆ ಬರಲಿಲ್ಲ, ಸೊಸೆಯ ಮೇಲೆ ಸುಮ್ಮಸುಮ್ಮನೆ ರೇಗಿದೆ. ಬಾಯಿ ಒಂದು ದಾರಿಗೆ ಬಂದ ಮೇಲೆ ಒಂದು ಟ್ರೇಗೆ ನಾರಿನ ಪುಡಿ ತುಂಬಿ, ಬೀಜದ ಪಾಕೆಟನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊಸಕೋಟೆ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಬಿಟ್ಟಿ. ಕಂಡಕ್ಟರು ಟಿಕೆಟು ಹರಿದು ಕೊಡುತ್ತ, "ಏನಜ್ಜಿ, ಊರ ಮಣ್ಣು ಹೊತ್ಕೊಂಡು ಹೊರಟ್ರಿ?" ಅಂದ.

"ಮಣ್ಣಲ್ಲ ಕಣಪ್ಪ, ಬೀಜಕ್ಕೆ ಹಾಸಿಗೆ" ಅಂದೆ.

ಪಿಲ್ಲಗುಂಪೆಯಲ್ಲಿ ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳು, ಎಲ್ಲ ಬಾಗಿಲೂ ಒಂದೇ ಬಣ್ಣ. ಒಂದು ಬಾಗಿಲ ಮುಂದೆ ದ್ಯಾವಮ್ಮ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಬಂದ್ಯಾ? ಕೂತ್ಕೋ. ಚಾಪೆ ಒಳಗದೆ, ತಗೋ."

ಚಾಪೆ ಹಾಸಿ ಕೂತೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ರೋಗ ಹೋಗ್ಲಿಲ್ಲ ಕಣೆ. ನೀನು ಇಲ್ಲಿಗೆ ಬಂದ್ಮೇಲೆ ಇನ್ನೂ ಜಾಸ್ತಿ ಆಯ್ತು. ನಾನೂ ಹೊಗೆಸೊಪ್ಪು ಹಾಕ್ತಿದ್ನಲ್ಲ, ಅದನ್ನ ಎಣಿಸ್ಲೇ ಇಲ್ಲ. ಕೈಯಲ್ಲೇನೂ ಇಲ್ಲ. ಇದ್ದದ್ದು ಸೊಪ್ಪಲ್ಲಿ."

ದ್ಯಾವಮ್ಮ ನನ್ನನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಕ್ಕಳು, ಕೆಮ್ಮು ಬಂತು, ಕೂಸು ಹೆದರಿ ಅತ್ತಿತು. ಅದನ್ನು ಎದೆಗೆ ಹಾಕಿಕೊಂಡು ತಟ್ಟುತ್ತ, ಕಣ್ಣೊರೆಸಿಕೊಳ್ಳುತ್ತ, "ಥೂ ನಿನ್ನ! ನಾನಿಲ್ಲಿ ಕೂಸು ಕಾಯಿಲೆ ಬಿದ್ರೂ ನನ್ ಕೈಯಿಂದ್ಲೇ ಏನೋ ಅಂತ ಅನ್ಕೊಂಡು ಕೂತಿದ್ನಲ್ಲೇ" ಅಂದಳು.

ಟ್ರೇಯನ್ನು ಅವಳ ಮುಂದಕ್ಕೆ ಸರಿಸಿ, ಸೆರಗಿನ ಗಂಟು ಬಿಚ್ಚಿದೆ.

"ಇದೇನು?"

"ಮೊದಲ ಸಾಲು. ಕೈ ಸೋಪಲ್ಲಿ ತೊಳ್ಕೊಂಡು ಹಾಲಲ್ಲಿ ಅದ್ದಿದ್ರೆ ಏನೂ ಆಗಲ್ವಂತೆ. ಆ ಹುಡ್ಗಿ ಅವತ್ತೇ ಹೇಳಿದ್ಲು, ನನ್ ತಲೆಗೆ ಹೋಗ್ಲಿಲ್ಲ."

ಕೂಸನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ನಲ್ಲಿಯ ಸದ್ದು ತುಂಬ ಹೊತ್ತು ಕೇಳಿಸಿತು. ಕೂಸಿಗೆ ಇಟ್ಟಿದ್ದ ಹಾಲಿನಲ್ಲಿ ಒಂದಿಷ್ಟನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಬಂದು, ಬೆರಳು ಅದ್ದಿ, "ಅರಸನ ಮನೆ ಹೆಂಗಸ್ರಾಗ್ಬಿಟ್ವಲ್ಲ ಲಕ್ಕಿ" ಅಂದಳು. ಒಂದೊಂದೇ ಗುಳಿಗೆ ಒಂದೊಂದೇ ಬೀಜ ಇಟ್ಟಳು. ಬೆರಳು ಮೊದಲಿಗಿಂತ ನಡುಗುತ್ತಿತ್ತು. ಸಾಲು ಮುಗಿದ ಮೇಲೆ ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿದಳು.

"ಊರಿಗೆ ಬಾರೆ" ಅಂದೆ.

"ಇದು ನನ್ ಬಿಟ್ಟು ಮಲಗಲ್ಲ ಕಣೆ ಈಗ. ಚಂದನಂಗೆ ಶಿಫ್ಟು. ನಾನ್ ಬಂದ್ರೆ ಅವಳು ಕೆಲ್ಸ ಬಿಡ್ಬೇಕು." ಕೂಸಿನ ತಲೆಗೂದಲು ಸರಿ ಮಾಡಿದಳು. "ಅವತ್ತು ಸಿಟ್ಟಿಗೆ ಬಂದೆ. ಈಗ ಸಿಟ್ಟು ಹೋಯ್ತು, ಕೂಸು ಅಂಟ್ಕೊಂಡ್ತು. ಏನ್ ಮಾಡ್ಲಿ ಹೇಳು."

ಅವಳು ಅಭ್ಯಾಸದಂತೆ ಸೊಂಟದಿಂದ ಸಂಚಿ ತೆಗೆದು, ಎಲೆಗೆ ಸುಣ್ಣ ಬಳಿದು, ಸೊಪ್ಪು ತಿಕ್ಕಿ, ಮಡಿಸಿ, ಮೊದಲು ನನ್ನ ಕಡೆ ಚಾಚಿದಳು. ನಾನು ತಲೆಯಾಡಿಸಿದೆ.

"ಬಿಟ್ಬಿಟ್ಯಾ?"

"ಬಿಟ್ಟೆ."

ಕೈ ಒಂದಿಷ್ಟು ಹೊತ್ತು ಹಾಗೆಯೇ ಇತ್ತು. ಆಮೇಲೆ ಆ ಎಲೆಯನ್ನು ತಾನೇ ಬಾಯಿಗೆ ಹಾಕಿಕೊಂಡಳು. ಇಷ್ಟು ವರ್ಷದಲ್ಲಿ ಅವಳು ಕೊಟ್ಟ ಎಲೆಯನ್ನು ನಾನು ಬೇಡವೆಂದದ್ದು ಅದೊಂದೇ ಸಲ. ಬೇಡವೆನ್ನದಿದ್ದರೆ ಅವಳು ಈಗ ಹಾಕಿದ ಸಾಲು ನನ್ನ ಕೈಯಲ್ಲಿ ಹಾಳಾಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಆಮೇಲೆ ನಮ್ಮ ಮಾತು ಮೊದಲಿನಷ್ಟು ಉದ್ದ ಬರಲಿಲ್ಲ. ಅವಳ ಬಾಯಿ ಆಡುತ್ತಿತ್ತು, ನನ್ನದು ಸುಮ್ಮನಿತ್ತು.

ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಹಳ್ಳ ಬಂದಾಗಲೆಲ್ಲ ಎರಡೂ ಕೈಯಿಂದ ಹಿಡಿದುಕೊಂಡೆ. ಮಿಕ್ಕ ಸಾಲುಗಳನ್ನೂ ಮಿಕ್ಕ ಟ್ರೇಗಳನ್ನೂ ಮನೆಯಲ್ಲಿ ನಾನು ಹಾಕಿದೆ.

ಅವಳ ಸಾಲಿನಲ್ಲಿ ಎರಡು ಗುಳಿ ಖಾಲಿ ಉಳಿದವು. ಬಸ್ಸಿನ ಕುಲುಕಾಟಕ್ಕೋ, ಬೆರಳ ನಡುಕಕ್ಕೋ. ಅವುಗಳನ್ನು ನಾನು ತುಂಬಲಿಲ್ಲ. ಉಳಿದವು ಚೆನ್ನಾಗಿ ಬಂದವು. ಎಲೆ ಒಂದೇ ಹಸಿರು, ಕಾಂಡ ಗಿಡ್ಡಗೆ ಗಟ್ಟಿ. ಕೊಡುವ ಮುಂಚೆ ನೀರು ಕಡಿಮೆ ಮಾಡಿ, ಪರದೆಯಾಚೆ ಬಿಸಿಲಿಗೆ ಇಟ್ಟು ಹದ ಮಾಡಿದೆ. ನೆರಳಲ್ಲೇ ಬೆಳೆದ ಸಸಿಯನ್ನು ಸೀದಾ ಹೊಲಕ್ಕೆ ಕೊಟ್ಟರೆ ಸೊರಗಿ ಮಲಗಿಬಿಡುತ್ತದೆ. ಬೈರೇಶ ಬಂದು ಬೇರು ಎತ್ತಿ ನೋಡಿ, "ಏನ್ ಸಸಿ ದೊಡ್ಡಮ್ಮ!" ಅಂದ. ಕಣ್ಣು ಹಾಕ್ಬೇಡ ಕಣೋ ಅಂತ ಬೈಯುವವರು ಕಲ್ಲಿನ ಮೇಲೆ ಇರಲಿಲ್ಲ.

ಈಗ ದಿನಾ ಮಧ್ಯಾಹ್ನ ಸೋಪಿನಲ್ಲಿ ಕೈ ತೊಳೆದು ಹಾಲಿನ ಬಟ್ಟಲು ತೆಗೆದುಕೊಂಡು ನೆಟ್‌ಮನೆಗೆ ಹೋಗುತ್ತೇನೆ. ದಿವ್ಯ ರಜೆಯಲ್ಲಿದ್ದಾಗ ಒಂದು ದಿನ ನೋಡಿದಳು. "ಅತ್ತೆ, ಹಾಲು ಹಾಕ್ಕೊಳ್ಳಿ, ಯಾರ್ ಬೇಡ ಅಂದ್ರು? ಆದ್ರೆ ನಿಮ್ಮೊಬ್ಬರ ಕೈಗೆ ಅಷ್ಟು ದೊಡ್ ಬಟ್ಟಲು ಯಾಕೆ?" ಅಂದಳು.

"ಇರ್ಲಿ ಬಿಡು" ಅಂದೆ.

ಚಿಕ್ಕ ಬಟ್ಟಲೂ ಮನೆಯಲ್ಲಿದೆ. ಆದರೆ ಎದುರಿನ ಕಲ್ಲಿನ ಮೇಲೆ ಕೂತವಳೂ ಜೊತೆಗೆ ಕೈ ಅದ್ದಲು ಸಾಕಾಗುವುದು ಈ ಬಟ್ಟಲೇ.